ನಡುವಿನ ಮನೆಯ ಲೆಕ್ಕ: ಗ್ರಾಮಸಭೆಯ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಕಳಸಾಪುರದ, ಹಾಗೆಯೇ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಎಲ್ಲ ಗ್ರಾಮಸಭೆಗಳ ಸದಸ್ಯರಿಗೆ, ಗದಗ-ಬೆಟಗೇರಿಯ ವಾರ್ಡುಗಳ ನಾಗರಿಕರಿಗೆ.

ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಆದ್ದರಿಂದ ಈ ಪತ್ರ ಊರಿನ ನಾಲ್ಕು ಮಂದಿ ಪುಢಾರಿಗಳಿಗೆ ಬರೆದದ್ದಲ್ಲ. ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಮೊನ್ನೆಯಷ್ಟೇ ಮತದ ಹಕ್ಕು ಬಂದ ಹುಡುಗ-ಹುಡುಗಿಯರಿಗೆ, ಎಲ್ಲರಿಗೂ. ವಿಷಯ ಒಂದೇ ಪ್ರಶ್ನೆಯದು. ನಮ್ಮ ತಾಲ್ಲೂಕಿನ ಮನೆಗಳನ್ನೆಲ್ಲ ಆದಾಯದ ಪ್ರಕಾರ ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮನೆಯ ವರ್ಷದ ಗಳಿಕೆ ಎಷ್ಟು? ಹತ್ತು ವರ್ಷದ ಹಿಂದೆ ಅದು ಎಷ್ಟಿತ್ತು? ನಿನ್ನೆ ಯಾವ ಪಂಚಾಯತಿಯಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎಂಬುದು ಇವತ್ತು ಸಿಗುತ್ತದೆ. ಗದಗ ಎಪಿಎಂಸಿಯಲ್ಲಿ ಹೆಸರು, ಕಡಲೆ, ಉಳ್ಳಾಗಡ್ಡಿ ಯಾವ ದರಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ಗೊತ್ತಾಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಏನು ಬಿತ್ತಿದ್ದಾರೆ ಎಂಬುದು ಉತಾರದಲ್ಲಿ ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಮನೆಗೆ ಉಳಿದದ್ದು ಎಷ್ಟು ಎಂದು ಕೇಳಿದರೆ ಮಾತ್ರ ತಾಲ್ಲೂಕು ಮಟ್ಟದಲ್ಲಿ ಉತ್ತರ ಕೊಡುವ ಕಚೇರಿ ಒಂದೂ ಇಲ್ಲ. ಆ ಉತ್ತರವನ್ನು ವರ್ಷವರ್ಷವೂ ಅಂದಾಜು ಮಾಡಿ ಪ್ರಕಟಿಸಬೇಕೆಂದು ನಾವೇ ಒತ್ತಾಯಿಸಬೇಕು, ಮತ್ತು ಆ ಅಂದಾಜು ಸತ್ಯಕ್ಕೆ ಹತ್ತಿರವಾಗಲು ಬೇಕಾದ ಒಂದು ಷರತ್ತನ್ನೂ ನಾವೇ ಹಾಕಬೇಕು ಎಂಬುದು ಈ ಪತ್ರದ ವಾದ.

ನಡುವಿನ ಮನೆಯೇ ಏಕೆ, ಸರಾಸರಿ ಸಾಲದೇ ಎಂದು ಮೊದಲು ಕೇಳುವಿರಿ. ಒಂದು ಓಣಿಯಲ್ಲಿ ಐದು ಮನೆ ಇವೆ ಎಂದುಕೊಳ್ಳಿ. ವರ್ಷದ ಆದಾಯ ಒಂದಕ್ಕೆ 70 ಸಾವಿರ, ಇನ್ನೊಂದಕ್ಕೆ 90 ಸಾವಿರ, ಮೂರನೆಯದಕ್ಕೆ 1.2 ಲಕ್ಷ, ನಾಲ್ಕನೆಯದಕ್ಕೆ 1.6 ಲಕ್ಷ, ದಲಾಲಿ ಅಂಗಡಿ ಇಟ್ಟ ಐದನೆಯ ಮನೆಗೆ 16 ಲಕ್ಷ. ಸರಾಸರಿ ತೆಗೆದರೆ ನಾಲ್ಕು ಲಕ್ಷಕ್ಕೂ ಮೇಲೆ ಬರುತ್ತದೆ. ಐದರಲ್ಲಿ ನಾಲ್ಕು ಮನೆ ಅದರ ಅರ್ಧವನ್ನೂ ಮುಟ್ಟಿಲ್ಲ. ನಡುವಿನ ಮನೆಯ ಆದಾಯ 1.2 ಲಕ್ಷ. ಮುಂದಿನ ವರ್ಷ ಅಂಗಡಿಯ ಗಳಿಕೆ ದುಪ್ಪಟ್ಟಾದರೆ ಸರಾಸರಿ ಏಳು ಲಕ್ಷ ದಾಟುತ್ತದೆ, ಓಣಿ ಉದ್ಧಾರವಾಯಿತು ಎಂದು ವರದಿ ಬರೆಯಬಹುದು. ನಡುವಿನ ಮನೆ ಕೂತಲ್ಲೇ ಕೂತಿರುತ್ತದೆ. ಶಾಲೆಯ ಗಣಿತದಲ್ಲಿ ಮಧ್ಯಾಂಕ ಎಂದು ಮಕ್ಕಳು ಕಲಿಯುವುದು ಇದನ್ನೇ. ದೇಶದ ಮಟ್ಟದಲ್ಲಿಯೂ ಕಥೆ ಬೇರೆಯಲ್ಲ. 2004-05ರಲ್ಲಿ 41,554 ಮನೆಗಳನ್ನು ಕೇಳಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ನಡುವಿನ ಮನೆಯ ವರ್ಷದ ಆದಾಯ 27,857 ರೂಪಾಯಿ ಎಂದು ಬಂತು. ಸರಾಸರಿ ಅದಕ್ಕಿಂತ ಬಹಳ ಮೇಲಿತ್ತು. ಮೇಲ್ತುದಿಯ ಕೆಲವೇ ಮನೆಗಳು ಸರಾಸರಿಯನ್ನು ಎಳೆದುಕೊಂಡು ಹೋಗುತ್ತವೆ.

ಜಿಲ್ಲೆಯ ತಲಾ ಆದಾಯ ಪ್ರತಿ ವರ್ಷ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ. ಬೆಂಗಳೂರು ನಗರ ಜಿಲ್ಲೆ ತುದಿಯಲ್ಲಿ, ಕಲಬುರಗಿ ಬುಡದಲ್ಲಿ ಇರುವ ಆ ಪಟ್ಟಿಯನ್ನು ಪತ್ರಿಕೆಗಳೂ ತಪ್ಪದೆ ಅಚ್ಚುಹಾಕುತ್ತವೆ. ಆದರೆ ಅದು ಮನೆಗಳನ್ನು ಕೇಳಿ ಮಾಡಿದ ಲೆಕ್ಕವಲ್ಲ. ಜಿಲ್ಲೆಯ ಗಡಿಯೊಳಗೆ ವರ್ಷದಲ್ಲಿ ಉತ್ಪತ್ತಿಯಾದ ಸರಕು-ಸೇವೆಗಳ ಮೌಲ್ಯವನ್ನು ಕೂಡಿಸಿ ಜನಸಂಖ್ಯೆಯಿಂದ ಭಾಗಿಸಿದ್ದು. ಬೆಳೆಯ ಲೆಕ್ಕ ಜಿಲ್ಲೆಯ ಇಳುವರಿಯಿಂದ ಬರುತ್ತದೆ, ನಿಜ. ಆದರೆ ಸೇವಾ ವಲಯದ ಹಲವು ಬಾಬುಗಳಲ್ಲಿ ರಾಜ್ಯದ ಮೊತ್ತವನ್ನೇ ಕೆಲಸಗಾರರ ಸಂಖ್ಯೆಯಂಥ ಸೂಚಕಗಳ ಪ್ರಕಾರ ಜಿಲ್ಲೆಗಳಿಗೆ ಹಂಚುತ್ತಾರೆ. ಹೀಗೆ ಹಂಚಿ ಬಂದ ಅಂಕಿಯಲ್ಲಿ ನಮ್ಮ ಸೀಮೆಗೆ ಮೂರು ಅಡ್ಡಿಗಳಿವೆ. ಕಪ್ಪತಗುಡ್ಡದ ಸುತ್ತಮುತ್ತ ತಿರುಗುವ ಗಾಳಿಯಂತ್ರಗಳ ವಿದ್ಯುತ್ತಿನ ಮೌಲ್ಯ ಹುಟ್ಟುವುದು ಇಲ್ಲಿ, ಅದರ ಲಾಭ ಹೋಗಿ ಸೇರುವುದು ಕಂಪನಿ ಎಲ್ಲಿದೆಯೋ ಅಲ್ಲಿಗೆ. ಉತ್ಪತ್ತಿಯ ತತ್ವದಂತೆ ಅದು ಇಲ್ಲಿಯ ಲೆಕ್ಕಕ್ಕೇ ಸೇರಬೇಕು, ಮನೆಗಳ ಕೈಗೆ ಬರುವುದು ಜಾಗ ಕೊಟ್ಟವರಿಗೆ ಸಿಕ್ಕ ಹಣ ಮತ್ತು ಕೆಲವು ಕಾವಲುಗಾರರ ಸಂಬಳ ಮಾತ್ರ. ಎರಡನೆಯದು ಇದರ ತಿರುವು-ಮುರುವು. ಶಿರಹಟ್ಟಿ, ಮುಂಡರಗಿ ಕಡೆಯ ಊರು-ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದವರ ಕೂಲಿ ಅಲ್ಲಲ್ಲಿಯ ಉತ್ಪನ್ನದಲ್ಲಿ ಸೇರುತ್ತದೆ. ಅವರು ಊರಿಗೆ ಕಳಿಸಿದ ಹಣದಲ್ಲಿ ಒಲೆ ಉರಿಯುವ ಮನೆ ನಮ್ಮ ತಾಲ್ಲೂಕಿನಲ್ಲಿದ್ದರೂ ಜಿಲ್ಲೆಯ ಲೆಕ್ಕದಲ್ಲಿ ಆ ಹಣ ಇಲ್ಲ. ಮೂರನೆಯದು ಸರಕಾರದ ನೇರ ಪಾವತಿ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಅಂದರೆ ವರ್ಷಕ್ಕೆ 24,000. ಮೇಲಿನ ಓಣಿಯ ನಡುವಿನ ಮನೆಗೆ ಅದು ಆದಾಯದ ಐದನೇ ಒಂದು ಪಾಲು. ಯಾವ ವಸ್ತುವೂ ಉತ್ಪತ್ತಿಯಾಗಿಲ್ಲವಾದ್ದರಿಂದ ಜಿಲ್ಲೆಯ ಉತ್ಪನ್ನದಲ್ಲಿ ಅದು ಸೊನ್ನೆ. ಆ ಯೋಜನೆಯನ್ನು ಹೊಗಳುವವರಿಗೂ ತೆಗಳುವವರಿಗೂ ಅದರ ಪರಿಣಾಮ ತೋರಿಸಬಲ್ಲ ಅಂಕಿ ನಡುವಿನ ಮನೆಯದೇ. ಸದ್ಯ ಇಬ್ಬರೂ ಅದಿಲ್ಲದೆಯೇ ವಾದಿಸುತ್ತಿದ್ದಾರೆ.

ಬೆಳೆ ಚೆನ್ನಾಗಿ ಬಂದರೆ ಒಕ್ಕಲು ಮನೆ ಚೆನ್ನಾಗಿದೆ ಎಂಬ ನಂಬಿಕೆಯೂ ಈಗ ಪೂರ್ತಿ ನಿಲ್ಲುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನಲ್ಲಿ, ಅಂದರೆ 2018-19ರ ಕೃಷಿ ವರ್ಷಕ್ಕೆ, ದೇಶದ ಒಕ್ಕಲು ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ ಎಂದು ಬಂತು. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ-ಸಂಬಳದಿಂದ ಬಂದದ್ದು 4,063, ದನಕರುಗಳಿಂದ 1,582. ಆರು ವರ್ಷ ಹಿಂದೆ, 2012-13ರಲ್ಲಿ, ಒಟ್ಟು 6,426ರಲ್ಲಿ ಬೆಳೆಯ ಪಾಲು 3,081, ಕೂಲಿಯ ಪಾಲು 2,071 ಇತ್ತು. ಇಷ್ಟು ಕಡಿಮೆ ಅವಧಿಯಲ್ಲಿ ರೈತನೆಂದು ಕರೆಸಿಕೊಳ್ಳುವ ಮನೆಯಲ್ಲಿ ಕೂಲಿ ಬೆಳೆಯನ್ನು ಹಿಂದೆ ಹಾಕಿತು. ಎರಿ ಹೊಲದ ಕಡಲೆ, ಬಿಳಿಜೋಳ ಆಗಲಿ, ಮಸಾರಿಯ ಶೇಂಗಾ ಆಗಲಿ, ಎಷ್ಟು ಕ್ವಿಂಟಲ್ ರಾಶಿಯಾಯಿತು ಎಂಬುದರಿಂದ ಮನೆಯ ಪರಿಸ್ಥಿತಿ ಅಳೆಯುವ ಕಾಲ ಹಿಂದೆ ಸರಿಯುತ್ತಿದೆ. ಇವು ಸರಾಸರಿಗಳು, ದೇಶದ ಅಂಕಿಗಳು, ಅವನ್ನು ನಮ್ಮ ತಾಲ್ಲೂಕಿಗೆ ಹಾಗೆಯೇ ಹಚ್ಚಲಾಗದು. ಆದರೆ ಇದೇ ತಿರುವು ನಮ್ಮಲ್ಲಿ ಯಾವಾಗ, ಯಾವ ತಾಲ್ಲೂಕಿನಲ್ಲಿ ಎಷ್ಟು ಆಯಿತು ಎಂದು ಕೇಳಲು ಅವು ಸಾಕು. ಸಿಂಗಟಾಲೂರು ಏತ ನೀರಾವರಿಯ ನೀರು ಕಂಡ ಮುಂಡರಗಿಯ ಊರು, ಮಳೆಯನ್ನೇ ನೆಚ್ಚಿದ ಅದೇ ತಾಲ್ಲೂಕಿನ ಊರು, ನೇಕಾರಿಕೆಯ ಬೆಟಗೇರಿ ಇವುಗಳ ಉತ್ತರ ಒಂದೇ ಆಗಿರಲು ಕಾರಣವಿಲ್ಲ.

ಈ ಅಂಕಿ ಇಲ್ಲದ್ದರ ಬೆಲೆ ನಾವು ಹಿಂದೆಯೇ ಕಟ್ಟಿದ್ದೇವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಗೆ ಶಿಫಾರಸು ಮಾಡಿತು. ಕರ್ನಾಟಕದಲ್ಲಿ ತಾಲ್ಲೂಕನ್ನು ಘಟಕವಾಗಿ ಇಟ್ಟುಕೊಂಡು ಅಷ್ಟು ಶ್ರದ್ಧೆಯಿಂದ ನಡೆದ ಕೆಲಸ ಅದಕ್ಕೆ ಮೊದಲು ಇರಲಿಲ್ಲ ಎಂದರೆ ಅತಿಶಯವಲ್ಲ. ಆದರೂ ಅದು ಹೆಚ್ಚಾಗಿ ಅಳೆದದ್ದು ಏನನ್ನು ಎಂದು ನೋಡಬೇಕು. ರಸ್ತೆ, ಬ್ಯಾಂಕು, ಆಸ್ಪತ್ರೆ, ನೀರಾವರಿ, ಶಾಲೆಯ ದಾಖಲಾತಿ ಇಂಥವು. ಅಂದರೆ ಮನೆಯ ಹೊರಗೆ ಏನಿದೆ ಎಂಬುದು. ಮನೆಯ ಆದಾಯದ ತಾಲ್ಲೂಕುವಾರು ಅಂಕಿ ಅಸ್ತಿತ್ವದಲ್ಲೇ ಇಲ್ಲದಿದ್ದಾಗ ಸಮಿತಿ ಅದನ್ನು ತರುವುದಾದರೂ ಎಲ್ಲಿಂದ? ಪರಿಣಾಮವೆಂದರೆ ಹಣ ಖರ್ಚಾದ ಮೇಲೆ ರಸ್ತೆ ಎಷ್ಟು ಕಿಲೋಮೀಟರ್ ಆಯಿತು ಎಂದು ಹೇಳಬಹುದು, ಆ ರಸ್ತೆಯ ಪಕ್ಕದ ಮನೆಗೆ ಏನಾಯಿತು ಎಂದು ಹೇಳಲಾಗದು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗೆಂದು ಮತ್ತೊಂದು ಸಮಿತಿ ರಚನೆಯಾಯಿತು. ಎರಡು ಸಮಿತಿಗಳ ನಡುವಿನ ಎರಡು ದಶಕದಲ್ಲಿ ಮನೆಯ ಆದಾಯದ ತಾಲ್ಲೂಕುವಾರು ಸಾಲು ಒಂದನ್ನು ಕಟ್ಟಿದ್ದರೆ ಈಗ ವಾದದ ಅರ್ಧ ಮುಗಿದಿರುತ್ತಿತ್ತು.

ಹಾಗಾದರೆ ಕಟ್ಟುವುದು ಹೇಗೆ? ಎಲ್ಲ ಮನೆಗಳನ್ನೂ ಪ್ರತಿ ವರ್ಷ ಕೇಳಲಾಗದು. ನಮ್ಮ ಜನಗಣತಿ ಆದಾಯವನ್ನು ಕೇಳುವುದೇ ಇಲ್ಲ. 2011ರ ಸಾಮಾಜಿಕ-ಆರ್ಥಿಕ ಗಣತಿ ಕೇಳಿತು. ಅದೂ ಮನೆಯಲ್ಲಿ ಅತಿ ಹೆಚ್ಚು ದುಡಿಯುವವರ ತಿಂಗಳ ಗಳಿಕೆ 5,000ಕ್ಕಿಂತ ಕಡಿಮೆಯೋ, 10,000ದವರೆಗೋ, ಅದಕ್ಕೂ ಮೇಲೋ ಎಂಬ ಮೂರು ಖಾನೆಗಳಲ್ಲಿ. ದೇಶದ ಹಳ್ಳಿಗಳ ಸುಮಾರು ಮುಕ್ಕಾಲು ಪಾಲು ಮನೆಗಳು ಮೊದಲ ಖಾನೆಗೇ ಬಿದ್ದವು. ನಡುವಿನ ಮನೆ ಆ ಖಾನೆಯೊಳಗೆ ಎಲ್ಲಿದೆ ಎಂದು ಹುಡುಕುವುದು ಅಸಾಧ್ಯ. ಉಳಿದದ್ದು ಮಾದರಿ ಸಮೀಕ್ಷೆ. ಅದರ ಮಿತಿ ಅಂಕಿಯಲ್ಲೇ ಕಾಣುತ್ತದೆ. 2022-23ರ ಕುಟುಂಬ ವೆಚ್ಚ ಸಮೀಕ್ಷೆ ದೇಶದಲ್ಲಿ 2,61,746 ಮನೆಗಳನ್ನು ತಲುಪಿತು. ಜಿಲ್ಲೆಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ ಮುನ್ನೂರು ಚಿಲ್ಲರೆ. ಗದಗ ಜಿಲ್ಲೆಯ ಏಳು ತಾಲ್ಲೂಕುಗಳಿಗೆ ಹಂಚಿದರೆ ಐವತ್ತರ ಆಸುಪಾಸು. ಆದಾಯದಲ್ಲಿ ಸಾಮಾನ್ಯವಾಗಿ ಇರುವಷ್ಟು ಏರುಪೇರು ಇದೆ ಎಂದು ಊಹಿಸಿ ಲೆಕ್ಕ ಹಾಕಿದರೆ, ಐವತ್ತು ಮನೆಗಳಿಂದ ನಡುವಿನ ಆದಾಯ 1.5 ಲಕ್ಷ ಎಂದು ಬಂದಾಗ ನಿಜವಾದ ಅಂಕಿ 1.1 ಲಕ್ಷದಿಂದ 2 ಲಕ್ಷದ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅಂಥ ಅಂಕಿಯಿಂದ ಶಿರಹಟ್ಟಿ ಮುಂದೋ ಮುಂಡರಗಿ ಮುಂದೋ ಎಂದು ಹೇಳುವವರು ಕವಡೆ ಹಾಕಿ ಹೇಳಿದರೂ ನಡೆದೀತು. ತಾಲ್ಲೂಕಿಗೆ 400 ಮನೆ ಕೇಳಿದರೆ ಅದೇ ಅಂತರ 1.35 ಲಕ್ಷದಿಂದ 1.65 ಲಕ್ಷಕ್ಕೆ ಇಳಿಯುತ್ತದೆ. ಅಕ್ಕಪಕ್ಕದ ಮನೆಗಳನ್ನೇ ಗುಂಪಾಗಿ ಕೇಳಿದರೆ ಅಂತರ ಇನ್ನಷ್ಟು ಹಿಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು.

ಈ ತೊಡಕನ್ನು ಬಿಡಿಸಿದವರಿದ್ದಾರೆ. ಅಮೆರಿಕದಲ್ಲಿ ನಮ್ಮ ಜಿಲ್ಲೆ-ತಾಲ್ಲೂಕಿನ ಹಾಗೆ ಕೌಂಟಿ ಎಂಬ ಘಟಕವಿದೆ, ಒಟ್ಟು ಮೂರು ಸಾವಿರಕ್ಕೂ ಹೆಚ್ಚು. ಅಲ್ಲಿಯ ಸೆನ್ಸಸ್ ಬ್ಯೂರೊ 1990ರ ದಶಕದಿಂದ ಪ್ರತಿ ಕೌಂಟಿಯ ನಡುವಿನ ಮನೆಯ ಆದಾಯವನ್ನು ಅಂದಾಜು ಮಾಡಿ ಪ್ರಕಟಿಸುತ್ತದೆ. ಅದೇ ಕಾರ್ಯಕ್ರಮದ ಬಡತನದ ಅಂದಾಜಿನ ಮೇಲೆ ಶಾಲೆಗಳಿಗೆ ಕೇಂದ್ರದ ಹಣ ಹಂಚುವುದೂ ಉಂಟು. ಅವರ ಸಮೀಕ್ಷೆಯೂ ಸಣ್ಣ ಕೌಂಟಿಗಳಲ್ಲಿ ತೆಳುವೇ. ಆದ್ದರಿಂದ ಸಮೀಕ್ಷೆಯ ಉತ್ತರ ಒಂದು ಕಡೆ, ತೆರಿಗೆ ದಾಖಲೆ ಮತ್ತು ಆಹಾರ ನೆರವಿನ ಪಟ್ಟಿಯಂಥ ಆಡಳಿತದ ಕಾಗದಗಳಿಂದ ಕಟ್ಟಿದ ಊಹೆ ಇನ್ನೊಂದು ಕಡೆ ಇಟ್ಟು ಎರಡನ್ನೂ ತೂಗುತ್ತಾರೆ. ಹೆಚ್ಚು ಮನೆ ಕೇಳಿದ ಕೌಂಟಿಯಲ್ಲಿ ಸಮೀಕ್ಷೆಗೆ ತೂಕ ಜಾಸ್ತಿ, ಕಡಿಮೆ ಕೇಳಿದಲ್ಲಿ ಊಹೆಗೆ ಜಾಸ್ತಿ. ಇದರ ಬೇರು 1979ರಲ್ಲಿ ರಾಬರ್ಟ್ ಫೇ, ರೋಜರ್ ಹೆರಿಯಟ್ ಎಂಬ ಇಬ್ಬರು ಸಾವಿರ ಜನಸಂಖ್ಯೆಗೂ ಕಡಿಮೆಯ ಊರುಗಳ ಆದಾಯ ಅಂದಾಜಿಸಲು ಪ್ರಕಟಿಸಿದ ವಿಧಾನ. ಈ ಶಾಸ್ತ್ರವನ್ನು ಜಗತ್ತಿಗೇ ಕಲಿಸಿದ ಪ್ರಮುಖರಲ್ಲಿ ಒಬ್ಬರಾದ ಜೆ.ಎನ್.ಕೆ. ರಾವ್ ಭಾರತದಲ್ಲಿ ಹುಟ್ಟಿದವರು. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅದಕ್ಕೂ ಮೊದಲೇ 1931-32ರ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕಹಾಕಿದವರು; 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ವಿದ್ಯೆ ನಮ್ಮಲ್ಲಿ ಇಲ್ಲ ಎನ್ನುವಂತಿಲ್ಲ.

ತೆರಿಗೆ ದಾಖಲೆ ನಮ್ಮಲ್ಲಿ ಕೆಲಸಕ್ಕೆ ಬಾರದು, ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಅದರ ಬದಲು ತಾಲ್ಲೂಕುವಾರು ಸಿಗುವ ಬೇರೆ ಕಾಗದಗಳಿವೆ: ಮನೆಬಳಕೆಯ ವಿದ್ಯುತ್ತು, ಹೊಸ ಬೈಕು-ಟ್ರ್ಯಾಕ್ಟರುಗಳ ನೋಂದಣಿ, ಹಾಲಿನ ಸಂಘಗಳಿಗೆ ಬಂದ ಲೀಟರು, ಉದ್ಯೋಗ ಖಾತ್ರಿಯಲ್ಲಿ ಕೇಳಿದ ದಿನಗಳು, ಬ್ಯಾಂಕು ಠೇವಣಿ, ಬೆಳೆ ಸಮೀಕ್ಷೆ, ಮಳೆ. ಇವು ಯಾವುವೂ ಆದಾಯವಲ್ಲ, ಆದಾಯದ ಜೊತೆಗೆ ಏರಿಳಿಯುವ ಚಿಹ್ನೆಗಳು. ಉದ್ಯೋಗ ಖಾತ್ರಿಯ ದಿನ ಹೆಚ್ಚಾದದ್ದು ಬರದಿಂದಲೂ ಇರಬಹುದು, ಪಂಚಾಯತಿ ಚುರುಕಾದದ್ದರಿಂದಲೂ ಇರಬಹುದು. ಅದಕ್ಕೇ ಸಮೀಕ್ಷೆ ಬೇಕು, ಬರೀ ಚಿಹ್ನೆ ಸಾಲದು. ಒಂದು ಕಾಗದವನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬಾರದು, ಅದು ನಾಡಕಚೇರಿಯ ಆದಾಯ ಪ್ರಮಾಣ ಪತ್ರ. ಯಾವ ಸೌಲಭ್ಯಕ್ಕೆ ಅರ್ಜಿ ಹಾಕುತ್ತಾರೋ ಆ ಸೌಲಭ್ಯದ ಮಿತಿಯೊಳಗೆ ಬರುವ ಅಂಕಿಯನ್ನು ಅದರಲ್ಲಿ ಬರೆಸಲಾಗುತ್ತದೆ ಎಂಬುದು ನಮಗೆಲ್ಲ ತಿಳಿದ ಗುಟ್ಟು.

ಒಂದು ವರ್ಷದ ಅಂಕಿಗಿಂತ ವರ್ಷಗಳ ಸಾಲು ಕಷ್ಟದ್ದು. ಗದಗ ಜಿಲ್ಲೆಯೇ 1997ರಲ್ಲಿ ಧಾರವಾಡದಿಂದ ಬೇರೆಯಾದದ್ದು. ಆಮೇಲೆ ಶಿರಹಟ್ಟಿಯಿಂದ ಲಕ್ಷ್ಮೇಶ್ವರ, ರೋಣದಿಂದ ಗಜೇಂದ್ರಗಡ ಹೊಸ ತಾಲ್ಲೂಕುಗಳಾದವು. ಹಳೆಯ ಶಿರಹಟ್ಟಿಯ ಅಂಕಿಯನ್ನು ಇಂದಿನ ಶಿರಹಟ್ಟಿಯ ಪಕ್ಕ ಇಟ್ಟು ಏರಿತು-ಇಳಿಯಿತು ಎನ್ನುವುದು ಅರ್ಥವಿಲ್ಲದ ಮಾತು. ಊರಿನ ಮಟ್ಟದಿಂದ ಕೂಡಿಸಿಕೊಂಡು ಇಂದಿನ ಗಡಿಗೆ ಹಿಂದಿನ ವರ್ಷಗಳನ್ನೂ ಹೊಂದಿಸಬೇಕು. ಬೆಲೆಯೇರಿಕೆಯನ್ನು ಕಳೆಯಬೇಕು, ಅದೂ ಹಳ್ಳಿಯ ಬೆಲೆ ಸೂಚ್ಯಂಕದಿಂದ. ಇವೆರಡು ಲೆಕ್ಕಿಗರ ಕೆಲಸ. ಹೆಚ್ಚು ಯೋಚಿಸಬೇಕಾದದ್ದು ಮನೆ ಎಂದರೆ ಯಾವುದು ಎಂಬುದನ್ನು. ಸಮೀಕ್ಷೆಗಳಲ್ಲಿ ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಮನೆ. ಅಣ್ಣ-ತಮ್ಮಂದಿರು ಬೇರೆಯಾಗಿ ಎರಡು ಒಲೆ ಹೂಡಿದರೆ ಮೂರು ಲಕ್ಷದ ಒಂದು ಮನೆ ಒಂದೂವರೆ ಲಕ್ಷದ ಎರಡು ಮನೆಯಾಗುತ್ತದೆ. ಯಾರ ತಾಟಿನಲ್ಲೂ ರೊಟ್ಟಿ ಕಡಿಮೆಯಾಗಿಲ್ಲ, ಆದರೂ ಹೀಗೆ ಬೇರೆಯಾಗುವ ಮನೆಗಳು ಹೆಚ್ಚಾದರೆ ನಡುವಿನ ಮನೆಯ ಆದಾಯ ಕುಸಿಯಿತು ಎಂದು ಬರಬಹುದು. ಸೌಲಭ್ಯಗಳು ಕಾರ್ಡಿಗೊಂದರಂತೆ ಸಿಗುವ ಕಾಲದಲ್ಲಿ ಕಾಗದದ ಮೇಲೆ ಬೇರೆಯಾಗುವುದಕ್ಕೆ ಕಾರಣಗಳೂ ಹೆಚ್ಚು. ಆದ್ದರಿಂದ ಮನೆಯ ಅಂಕಿಯ ಪಕ್ಕದಲ್ಲೇ ತಲೆಗೆ ಎಷ್ಟು ಬಿತ್ತು ಎಂಬ ಅಂಕಿಯನ್ನೂ, ಸರಾಸರಿ ಮನೆಯ ತಲೆಯೆಣಿಕೆಯನ್ನೂ ಕೊಡದ ವರದಿಯನ್ನು ಒಪ್ಪಬಾರದು.

ಇನ್ನು ಬರಗಾಲ. ತೆಳುವಾದ ಸಮೀಕ್ಷೆಯನ್ನು ಗಟ್ಟಿಮಾಡಲು ಐದು ವರ್ಷದ ಉತ್ತರಗಳನ್ನು ಒಟ್ಟಿಗೆ ಸೇರಿಸುವ ಪದ್ಧತಿ ಅಮೆರಿಕದ ಸಣ್ಣ ಊರುಗಳ ಅಂಕಿಗಳಲ್ಲಿ ಇದೆ. ಸಂಬಳದ ಊರುಗಳಿಗೆ ಅದು ಸರಿ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಲಾಯಿತು. ಅಂಥ ವರ್ಷವನ್ನು ಅದರ ಹಿಂದುಮುಂದಿನ ಒಳ್ಳೆಯ ವರ್ಷಗಳ ಜೊತೆ ಕಲಸಿದರೆ ಬರ ಕಾಣೆಯಾಗುತ್ತದೆ, ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ. ನನ್ನ ಮಟ್ಟಿಗೆ ಸ್ವಲ್ಪ ಅಲುಗಾಡುವ ಆದರೆ ಆಯಾ ವರ್ಷದ್ದೇ ಆದ ಅಂಕಿ, ನಯವಾದ ಐದು ವರ್ಷದ ಅಂಕಿಗಿಂತ ಮೇಲು. ಎರಡನ್ನೂ ಕೊಟ್ಟರೆ ಇನ್ನೂ ಮೇಲು. ಕೇಳುವ ಸಮಯವೂ ಇದಕ್ಕೇ ಸೇರಿದ ಮಾತು. ಹೆಸರು ಕೈಗೆ ಬರುವುದು ಮುಂಗಾರಿಯ ಕೊನೆಗೆ, ಕಡಲೆ-ಜೋಳ ಬರುವುದು ಹಿಂಗಾರಿ ಮುಗಿದ ಮೇಲೆ. ಕಳೆದ ತಿಂಗಳು ಎಷ್ಟು ಬಂತು ಎಂದು ಬೇಸಿಗೆಯಲ್ಲಿ ಕೇಳಿದರೆ ಒಂದು ಉತ್ತರ, ರಾಶಿಯಾದ ವಾರ ಕೇಳಿದರೆ ಇನ್ನೊಂದು. 77ನೇ ಸುತ್ತಿನಲ್ಲಿ ಒಂದೇ ಮನೆಗೆ ವರ್ಷದಲ್ಲಿ ಎರಡು ಸಲ ಹೋದದ್ದು ಇದಕ್ಕಾಗಿ. ಮನೆಗೆಂದು ಇಟ್ಟುಕೊಂಡ ಜೋಳಕ್ಕೆ ಬೆಲೆ ಕಟ್ಟಬೇಕು, ಬೀಜ-ಗೊಬ್ಬರ, ಆಳು, ಲಾವಣಿ ಹಣ ಕಳೆಯಬೇಕು. ಖರ್ಚು ಕಳೆಯದ ಅಂಕಿ ಆದಾಯವಾಗದು, ಅದು ಬರೀ ಪಟ್ಟಿಯ ಮೊತ್ತ.

ಈಗ ಎಲ್ಲಕ್ಕಿಂತ ದೊಡ್ಡ ಆಕ್ಷೇಪ: ಆದಾಯ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಇದು ಕಲ್ಪನೆಯ ಭಯವಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರ ದಶಕದಲ್ಲಿ, ಮತ್ತೆ 1964-65ರ 19ನೇ ಸುತ್ತಿನಲ್ಲಿ, 1969-70ರ 24ನೇ ಸುತ್ತಿನಲ್ಲಿ ಆದಾಯವನ್ನು ಕೇಳಿ ನೋಡಿತು. ಬಂದ ಆದಾಯ ಅದೇ ಜನರ ಖರ್ಚು ಮತ್ತು ಉಳಿತಾಯ ಕೂಡಿಸಿದ್ದಕ್ಕಿಂತ ಕಡಿಮೆಯಾಗಿ, ಎಲ್ಲ ಬಗೆಯ ಮನೆಗಳ ಆದಾಯ ಕೇಳುವ ಕೆಲಸ ಮುಂದುವರಿಯಲಿಲ್ಲ. 2026ರಲ್ಲಿ ರಾಷ್ಟ್ರೀಯ ಕುಟುಂಬ ಆದಾಯ ಸಮೀಕ್ಷೆ ನಡೆಸುವುದಾಗಿ ಕೇಂದ್ರದ ಸಾಂಖ್ಯಿಕ ಸಚಿವಾಲಯ 2025ರಲ್ಲಿ ಪ್ರಕಟಿಸಿ, ಸುರ್ಜಿತ್ ಭಲ್ಲಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ತಂಡ ರಚಿಸಿತು. ಆ ಸಮೀಕ್ಷೆಗೆ ಸಿದ್ಧತೆಯಾಗಿ ನಡೆದ ಪರೀಕ್ಷಾ ಸಮೀಕ್ಷೆಯಲ್ಲೂ ಬಹುಪಾಲು ಮನೆಯವರು ಇವು ಮುಜುಗರದ ಪ್ರಶ್ನೆಗಳು ಎಂದೇ ಹೇಳಿದರು. ಆದರೆ ಮುಜುಗರಕ್ಕೆ ಕಾರಣವೇನು ಎಂದು ಕೇಳದೆ ಜನರನ್ನು ಸುಳ್ಳುಗಾರರೆನ್ನುವುದು ಅನ್ಯಾಯ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.2 ಲಕ್ಷದ ಮಿತಿ ಇದೆ. ಕಾರ್ಡು ಹೋದರೆ ಅಕ್ಕಿ ಹೋಗುತ್ತದೆ, ಆಸ್ಪತ್ರೆಯ ರಿಯಾಯಿತಿ ಹೋಗುತ್ತದೆ. ಬಾಗಿಲಿಗೆ ಬಂದವರು ಲೆಕ್ಕಕ್ಕಾಗಿ ಕೇಳುತ್ತಿದ್ದಾರೋ ಕಾರ್ಡು ಕಿತ್ತುಕೊಳ್ಳಲು ಕೇಳುತ್ತಿದ್ದಾರೋ ತಿಳಿಯದ ಯಜಮಾನ 1.8 ಲಕ್ಷವನ್ನು 90 ಸಾವಿರ ಎನ್ನುವುದು ವಿವೇಕವೇ ಸರಿ. ಅವನನ್ನು ಆ ವಿವೇಕಕ್ಕೆ ದೂಡಿದ್ದು ನಿಯಮ.

ನಾವು ಹಾಕಬೇಕಾದ ಷರತ್ತು ಇಲ್ಲಿದೆ. ಅಂಕಿ-ಅಂಶಕ್ಕೆಂದು ಕೇಳಿದ ಆದಾಯ ಯಾವ ಕಾರಣಕ್ಕೂ ಆಹಾರ ಇಲಾಖೆಗೆ, ಕಂದಾಯಕ್ಕೆ, ಬ್ಯಾಂಕಿಗೆ ಹೋಗಬಾರದು. 2008ರ ಅಂಕಿ-ಅಂಶ ಸಂಗ್ರಹಣಾ ಕಾಯ್ದೆ ಒಬ್ಬೊಬ್ಬರ ಮಾಹಿತಿಯನ್ನು ಅಂಕಿ-ಅಂಶದ ಉದ್ದೇಶಕ್ಕೆ ಮಾತ್ರ ಬಳಸಬೇಕೆಂದೇ ಹೇಳುತ್ತದೆ. ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು. ಮನೆಯ ಹೆಸರು, ಆಧಾರ್, ಕಾರ್ಡಿನ ಸಂಖ್ಯೆ ಇವನ್ನು ಪ್ರಶ್ನಾವಳಿಯಲ್ಲಿ ಬರೆದುಕೊಳ್ಳದೇ ಇರುವುದೇ ಗಟ್ಟಿ ಬೇಲಿ. ಬರೆಯದ ಹೆಸರನ್ನು ಯಾರಿಗೂ ಕೊಡಲಾಗದು. ಕೇಳುವವರು ಕಂದಾಯದ ಸಿಬ್ಬಂದಿ ಆಗಿರಬಾರದು. ಗದಗಿನ ಹತ್ತಿರ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ತಾಲ್ಲೂಕಿಗೆ 400ರಂತೆ ಏಳು ತಾಲ್ಲೂಕಿಗೆ 2,800 ಮನೆ, ವರ್ಷಕ್ಕೆ ಎರಡು ಸುತ್ತು. ಅದರ ವಿದ್ಯಾರ್ಥಿಗಳಿಗೂ ಜಿಲ್ಲೆಯ ಪದವಿ ಕಾಲೇಜುಗಳ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ವಿಭಾಗಗಳಿಗೂ ಇದು ಮೀರಿದ ಕೆಲಸವಲ್ಲ. ಜನ ನಂಬುವರೇ ಎಂಬುದಕ್ಕೆ ನಮ್ಮ ತಾಲ್ಲೂಕಿನ ಕಣಗಿನಹಾಳವೇ ಒಂದು ಉತ್ತರ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಒಕ್ಕಲಿಗರು ತಮ್ಮ ಸಾಲ-ಸೋಲದ ಲೆಕ್ಕವನ್ನು ಸಂಘದ ಪುಸ್ತಕದಲ್ಲಿ ಬರೆಸಲು ಒಪ್ಪಿದರು. ಪುಸ್ತಕ ಸಾವುಕಾರನ ಕೈಯಲ್ಲಿರದೆ ತಮ್ಮ ಸಂಘದ ಕೈಯಲ್ಲಿದೆ ಎಂಬ ಭರವಸೆ ಅದರ ಹಿಂದೆ ಇದ್ದಿರಬೇಕು. ಹಾಗಿದ್ದೂ ಕೆಲವರು ಕಡಿಮೆ ಹೇಳುತ್ತಾರೆ, ಒಪ್ಪುತ್ತೇನೆ. ಖರ್ಚನ್ನೂ ಜೊತೆಗೇ ಕೇಳಿದರೆ ಎಷ್ಟು ಕಡಿಮೆ ಹೇಳಿದರು ಎಂದು ಅಳೆಯಬಹುದು. ಮೇಲ್ತುದಿಯ ಶ್ರೀಮಂತ ತನ್ನ ಆದಾಯವನ್ನು ಅರ್ಧಕ್ಕೆ ಇಳಿಸಿ ಹೇಳಿದರೂ, ಆ ಅರ್ಧ ನಡುವಿನ ಮನೆಗಿಂತ ಮೇಲೇ ಇರುವವರೆಗೆ ನಡುವಿನ ಮನೆ ಜರುಗುವುದಿಲ್ಲ. ಸರಾಸರಿಗೆ ಈ ಗುಣವಿಲ್ಲ.

ಉಳಿದ ಎರಡು ಆಕ್ಷೇಪಗಳಿಗೆ ಹೆಚ್ಚು ಮಾತು ಬೇಡ. ಅಂಕಿ ಚೆನ್ನಾಗಿ ಬಂದುಬಿಟ್ಟರೆ ಹಿಂದುಳಿದ ತಾಲ್ಲೂಕಿನ ಪಟ್ಟ ಹೋಗಿ ಅನುದಾನ ತಪ್ಪೀತು ಎನ್ನುವವರಿದ್ದಾರೆ. ಪಟ್ಟಕ್ಕಾಗಿ ಬಡತನವನ್ನು ಕಾಯ್ದಿಡುವ ಈ ಜಾಣತನದಿಂದ ಲಾಭವಾದದ್ದು ಗುತ್ತಿಗೆದಾರರಿಗೆ. ಗದಗ ತಾಲ್ಲೂಕು ಮುಂದೆ ಹೋಗಿ ಶಿರಹಟ್ಟಿ ಹಿಂದೆ ಉಳಿದಿದ್ದರೆ ಹಣ ಶಿರಹಟ್ಟಿಗೆ ಹೋಗಲಿ, ಅದನ್ನು ಹೇಳುವ ಧೈರ್ಯ ಗದಗಿನವರಿಗೆ ಇರಲಿ. ನಡುವಿನ ಮನೆ ಕಂಡರೆ ಕೆಳಗಿನ ಮನೆ ಮರೆತುಹೋಗುತ್ತದೆ ಎಂಬ ಇನ್ನೊಂದು ಮಾತಿನಲ್ಲಿ ತಿರುಳಿದೆ. ಸಾಲಿನ ಕೆಳಗಿನಿಂದ ಕಾಲು ಭಾಗಕ್ಕೆ ನಿಲ್ಲುವ ಮನೆಯ ಅಂಕಿಯನ್ನೂ ಅದೇ ಸಮೀಕ್ಷೆಯಿಂದ ತೆಗೆಯಬಹುದು, ತೆಗೆಯಲೇಬೇಕು. ಭೂಮಿಯಿಲ್ಲದ ಮನೆ, ಒಂಟಿ ಹೆಂಗಸಿನ ಮನೆ ಇರುವುದು ಹೆಚ್ಚಾಗಿ ಆ ತುದಿಯಲ್ಲಿ.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಈ ಠರಾವನ್ನು ಓದಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ಕೋರುತ್ತೇನೆ: ಗದಗ ಜಿಲ್ಲೆಯ ಪ್ರತಿ ತಾಲ್ಲೂಕಿನ ನಡುವಿನ ಮನೆಯ ಮತ್ತು ಕೆಳಗಿನ ಕಾಲಂಶದ ಮನೆಯ ಆದಾಯವನ್ನು, ಖರ್ಚು ಕಳೆದು, ಬೆಲೆಯೇರಿಕೆ ಕಳೆದು, ಇಂದಿನ ಗಡಿಗಳಿಗೆ ಹೊಂದಿಸಿ, ಪ್ರತಿ ವರ್ಷ ಒಂದೇ ವಿಧಾನದಿಂದ ಅಂದಾಜು ಮಾಡಿ, ಅಂದಾಜಿನ ಜೊತೆಗೆ ತಪ್ಪಿನ ಅಂತರವನ್ನೂ ಅಚ್ಚುಹಾಕಬೇಕು, ವಿಧಾನ ಬದಲಾಯಿಸಿದ ವರ್ಷ ಹಳೆಯ ಮತ್ತು ಹೊಸ ಎರಡೂ ಲೆಕ್ಕ ಕೊಡಬೇಕು, ಮನೆಯ ಹೆಸರು, ಆಧಾರ್, ಪಡಿತರ ಚೀಟಿಯ ಸಂಖ್ಯೆ ಬರೆದುಕೊಳ್ಳಬಾರದು. ಠರಾವಿನ ಪ್ರತಿ ಜಿಲ್ಲಾ ಯೋಜನಾ ಸಮಿತಿಗೆ ಹೋಗಬೇಕು, ಏಕೆಂದರೆ ಸಂವಿಧಾನದ 74ನೇ ತಿದ್ದುಪಡಿಯಂತೆ ಊರು ಮತ್ತು ಪಟ್ಟಣದ ಯೋಜನೆಗಳನ್ನು ಕೂಡಿಸುವ ಹೊಣೆ ಅದರದು. ಇನ್ನೊಂದು ಪ್ರತಿ ನಾಗಾವಿಯ ವಿಶ್ವವಿದ್ಯಾಲಯಕ್ಕೆ. ಮೊದಲ ಸುತ್ತು ಹೆಸರು ರಾಶಿಯಾದ ಮೇಲೆ, ಎರಡನೆಯದು ಕಡಲೆ ಮಾರಿದ ಮೇಲೆ ನಡೆಯಲಿ.

ಇಂತಿ ನಿಮ್ಮ ವಿಶ್ವಾಸಿ,
ಕಳಸಾಪುರ